ಬಿಲ್ಲೆಯ ಅಂಚಿನಲ್ಲಿ ಒಂದು ತವರದ ಹನಿ

ಮೊಡವೆ, ಬೇರೇನೂ ಅಲ್ಲ, ಹದಿಹರೆಯದಲ್ಲಿ ಮೂಗಿನ ಪಕ್ಕ ಏಳುವಂಥದ್ದೇ ಒಂದು ಮೊಡವೆ, ಕಂಪ್ಯೂಟರಿನಲ್ಲಿ ಎರಡು ಗೆರೆ, ನೀಲಿ ಗೆರೆ ನನ್ನದು, ನುಣ್ಣಗೆ ಗುಂಡಿಗೆ ಇಳಿದು ನುಣ್ಣಗೆ ಗುಡ್ಡ ಹತ್ತುತ್ತದೆ, ಕೆಂಪು ಗೆರೆ ಅಳತೆಯದು, ಅದೂ ಇಳಿಯುತ್ತದೆ, ಹತ್ತುತ್ತದೆ, ಆದರೆ ಹತ್ತುವ ದಾರಿಯಲ್ಲಿ ಒಂದು ಕಡೆ ಮುಗ್ಗರಿಸಿ, ಸಾವರಿಸಿಕೊಂಡು, ಏನೂ ಆಗದವರ ಹಾಗೆ ಮುಂದೆ ಹೋಗುತ್ತದೆ — ಪರದೆಯ ಮೇಲಿನ ಧೂಳಿರಬೇಕು ಎಂದು ತೋಳಿನಿಂದ ಒರೆಸಿದ್ದೂ ಆಯಿತು, ಧೂಳಲ್ಲ, ಒಂಬತ್ತು ಗಂಟೆಯ ಬಿಸಿಲು ಕಿಟಕಿಯಿಂದ ಬಿದ್ದು ಕೆಂಪು ಗೆರೆ ಅರ್ಧ ಮಾಸಿದಂತೆ ಕಂಡರೂ ಆ ಮೊಡವೆ ಮಾತ್ರ ಮಾಸುವುದಿಲ್ಲ. ಎಲಾ ಇದರ, ಎಲ್ಲಿಂದ ಬಂದೆ ನೀನು. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡುವಾಗ ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ ಒತ್ತಿ ಹಿಡಿಯುತ್ತಾರಲ್ಲ, ಆ ಪ್ರೋಬಿನ ಮೂತಿಯೊಳಗೆ ಇರುವುದು ಇಷ್ಟೇ, ಅಂಗಿಯ ಗುಂಡಿಯಷ್ಟಗಲದ ಒಂದು ಪಿಂಗಾಣಿ ಬಿಲ್ಲೆ, ಎರಡೂ ಮೈಗೆ ಬೆಳ್ಳಿಯ ಲೇಪ, ಕರೆಂಟು ಕೊಟ್ಟರೆ ನಡುಗುತ್ತದೆ, ನಡುಗಿಸಿದರೆ ಕರೆಂಟು ಕೊಡುತ್ತದೆ, ತೆಗೆದುಕೊಂಡದ್ದನ್ನು ಹೀಗೆ ಹಿಂತಿರುಗಿಸುವ ಸಜ್ಜನಿಕೆಯನ್ನು ಮನುಷ್ಯರಲ್ಲಿ ನಾನಂತೂ ಕಂಡಿಲ್ಲ — ನಮ್ಮದು ಮೂತ್ರಕೋಶ ಖಾಲಿಯಾಯಿತೋ ಇಲ್ಲವೋ ಎಂದು ನೋಡುವ ಪ್ರೋಬು, ಏನು ಕೆಲಸ ನಿಮ್ಮದು ಎಂದು ಯಾರಾದರೂ ಕೇಳಿದರೆ ಹೇಳಿ ಮುಗಿಸಲು ನನಗೆ ಎರಡು ನಿಮಿಷ ಬೇಕು, ಕೇಳಿದವರು ಒಂದೇ ನಿಮಿಷಕ್ಕೆ ಜಾಗ ಖಾಲಿ ಮಾಡುತ್ತಾರೆ. ಬಿಲ್ಲೆಯನ್ನು ಮಾಡುವುದು ನಾನಲ್ಲ, ಕಂಪ್ಯೂಟರಿನೊಳಗೆ ಅದರ ಅವಳಿಯನ್ನು, ಅಂದರೆ ಮಾದರಿಯನ್ನು, ಮಾಡುವುದು ನಾನು, ಸುಳ್ಳು ಬಿಲ್ಲೆಗೆ ಸುಳ್ಳು ವೋಲ್ಟು ಕೊಟ್ಟು, ಎಷ್ಟು ಕರೆಂಟು ಹರಿಯಿತು ಎಂದು ಲೆಕ್ಕ ಹಾಕಿ, ಯಾವ ಕಂಪನಕ್ಕೆ ಎಷ್ಟು ತಡೆ ಒಡ್ಡಿತು ಎಂದು ಗೆರೆ ಎಳೆದರೆ ಅದು ನೀಲಿ, ಪಕ್ಕದ ಮೇಜಿನ ಅಳತೆಯ ಯಂತ್ರಕ್ಕೆ ನಿಜವಾದ ಬಿಲ್ಲೆಯನ್ನು ಸಿಕ್ಕಿಸಿದಾಗ ಬಂದದ್ದು ಕೆಂಪು, ಎರಡೂ ಒಂದರ ಮೇಲೊಂದು ಕೂತರೆ ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋಗಬಹುದು. ಕೂರುತ್ತಿಲ್ಲ. ಅರವತ್ತು ಪ್ರೋಬುಗಳಲ್ಲಿ ಅರವತ್ತರಲ್ಲೂ ಮೊಡವೆ, ಅದಿದ್ದರೆ ಬಿಲ್ಲೆ ನಡುಗುವುದನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವುದಿಲ್ಲ, ಚಿತ್ರದಲ್ಲಿ ಹತ್ತಿರದ್ದೆಲ್ಲ ಮಸುಕು, ಕೊಂಡವರು ಅರವತ್ತನ್ನೂ ವಾಪಸ್ಸು ಕಳಿಸಿದ್ದಾರೆ, ಮಧ್ಯಾಹ್ನ ಮೂರು ಗಂಟೆಗೆ ನಾನು ಒಂದು ಹಾಳೆಗೆ ಸಹಿ ಹಾಕಬೇಕು, ದೋಷ ಎಲ್ಲಿದೆ ಎಂಬ ಸಾಲಿನ ಎದುರು ಒಂದು ಪದ ಬರೆದು. ಆ ಪದ ಅಂಟು ಎಂದಾದರೆ ಅಂಟಕ್ಕನ ಕೆಲಸ ಹೋಗುತ್ತದೆ.

ಅಂಟಕ್ಕ ಎಂದು ಮೊದಲು ಯಾರು ಕರೆದರೋ, ಈಗ ಸಂಬಳದ ಚೀಟಿಯಲ್ಲಿರುವ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ, ಇಪ್ಪತ್ತೆರಡು ವರ್ಷ ಒಂದೇ ಮೇಜು, ಒಂದೇ ಕುರ್ಚಿ, ಕುರ್ಚಿಯ ಮೇಲೆ ಹೂವಿನ ಚಿತ್ರದ ದಿಂಬು, ಭೂತಗನ್ನಡಿ ಕಟ್ಟಿದ ದೀಪದ ಕೆಳಗೆ ಬಿಲ್ಲೆಯ ಬೆನ್ನಿಗೆ ತವರದ ಹನಿ ಇಳಿಸಿ ತಂತಿ ಬೆಸೆಯುವುದು, ಮುಖಕ್ಕೆ ಅಂಟು ಸವರಿ ತೆಳುವಾದ ಹೊದಿಕೆ ಕೂರಿಸುವುದು, ಅಂಟೆಂದರೆ ಕೂದಲೆಳೆಯ ಹತ್ತನೇ ಒಂದು ಪಾಲು ದಪ್ಪ, ಅದನ್ನು ಅವರು ಕಣ್ಣಿನಿಂದ ಅಳೆಯುವುದಿಲ್ಲ, ಹೆಬ್ಬೆರಳಿನಿಂದ ಅಳೆಯುತ್ತಾರೆ, ಬಿಲ್ಲೆ ಹದವಾಗಿ ಕಾದಿದೆಯೇ ಎಂದು ಚಿಮಟದಲ್ಲಿ ಹಿಡಿದು ಕೆನ್ನೆಯ ಹತ್ತಿರ ತಂದು ನೋಡುತ್ತಾರೆ, ಮಗುವಿನ ಹಾಲು ನೋಡಿದ ಹಾಗೆ. ದೀಪ ಸುಮ್ಮನೆ ಉರಿದರೆ ಅವರಿಗೆ ಆಗದು, ನೀರು ಕುಡಿಯಲು ಎದ್ದರೂ ಆರಿಸಿಯೇ ಏಳುತ್ತಾರೆ, ನಾವು ದೀಪ ಉರಿಸಿಟ್ಟು ಹೋದರೆ ನಮ್ಮ ಹಿಂದೆಯೇ ಬಂದು ಆರಿಸಿ, ಇದೇನು ನಿಮ್ಮ ಮಾವನ ಮನೆನಾ ಎನ್ನುತ್ತಾರೆ. ಈಚೆಗೆ ಚಹಾದ ಲೋಟ ಎತ್ತುವಾಗ ಅವರ ಕೈ ಸ್ವಲ್ಪ ಅದುರುತ್ತದೆ, ಎಲ್ಲರೂ ನೋಡಿದ್ದಾರೆ, ಗಡುವಪ್ಪನೂ ನೋಡಿದ್ದಾನೆ — ಮ್ಯಾನೇಜರಿಗೆ ಆ ಹೆಸರಿಟ್ಟದ್ದು ಮಾತ್ರ ನಾನೇ, ಯಾವ ಕೆಲಸ ಹೇಳಿದರೂ ಬಾಲಕ್ಕೊಂದು ಗಡುವು ಕಟ್ಟದೆ ಹೇಳಿದವನಲ್ಲ — ಬೆಳಿಗ್ಗೆ ಅಂಟಿನ ಕೋಣೆಯಲ್ಲಿ ಐದಾರು ಜನರ ಎದುರಿಗೆ, ವಯಸ್ಸಾಯ್ತಮ್ಮ, ಯಾರನ್ನೂ ದೂರೋಕಾಗಲ್ಲ, ಮೇಡಂ ಮೂರು ಗಂಟೆಗೆ ಬರ್ದು ಕೊಡ್ತಾರೆ, ಆಮೇಲೆ ನೋಡೋಣ, ಎಂದ. ಅಂಟಕ್ಕ ಅವನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು, ಮೇಡಂ, ನಿಮ್ಮ ಕಂಪ್ಯೂಟರಲ್ಲಿ ಆ ಉಬ್ಬು ಬರೋದೇ ಇಲ್ವಾ. ಬರಲ್ಲ ಅಕ್ಕ, ಮಾದರಿ ಸುಳ್ಳು ಹೇಳಲ್ಲ. ಹಾಗೆಂದೆ, ನಾನೇ, ಈ ಬಾಯಿಂದಲೇ, ಅದೂ ಎಂಥ ದೊಡ್ಡಸ್ತಿಕೆಯಿಂದ, ಅವರು ತಮ್ಮ ಎರಡೂ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡು ಏಪ್ರನ್ನಿನ ಜೇಬಿಗೆ ಸೇರಿಸಿದರು.

ಸರಿ, ಅಂಟೇ ಆಗಿದ್ದರೆ ನೋಡಿಯೇ ಬಿಡೋಣ, ಅಂಟನ್ನು ದಪ್ಪ ಮಾಡುತ್ತೇನೆ, ಎರಡು ಪಟ್ಟು, ಮೂರು ಪಟ್ಟು, ಕಂಪ್ಯೂಟರಿನಲ್ಲಿ ಅಂಟಿಗೇನು ಬರವೇ, ಓಡು — ಗುಂಡಿ ಸ್ವಲ್ಪ ಎಡಕ್ಕೆ ಸರಿಯಿತು, ಆಳ ಕಡಿಮೆಯಾಯಿತು, ಮೊಡವೆ ಇಲ್ಲ. ತೆಳ್ಳಗೆ ಮಾಡಿದೆ, ಇಲ್ಲ. ಅಂಟಿನೊಳಗೆ ಗಾಳಿಯ ಗುಳ್ಳೆ ಇಟ್ಟೆ, ನಡುವೆ ಒಂದು, ಅಂಚಿಗೆ ಒಂದು, ಗುಡ್ಡ ಚೂಪಾಯಿತು, ಅಷ್ಟೇ, ಮೊಡವೆ ಇಲ್ಲವೆಂದರೆ ಇಲ್ಲ, ಮತ್ತು ಈಗ ನೋಡು ಒಂದು ಚೋದ್ಯ, ಸಿಟ್ಟು ಬರಬೇಕಾದ ಕಡೆ ನನಗೆ ಖುಷಿಯಾಗುತ್ತಿದೆ, ಗೊತ್ತಿಲ್ಲದ್ದು ಎದುರಿಗೆ ಕೂತಿದೆ ಎಂದು ಗೊತ್ತಾದಾಗ ಆಗುವ ಖುಷಿ, ಅಪ್ಪ ನಾಣ್ಯ ಹಿಡಿದು ನೆಲದ ಮೇಲೆ ಮಂಡಿಯೂರಿದಾಗ ಆಗುತ್ತಿತ್ತಲ್ಲ, ಅದೇ. ಅಪ್ಪ ನೆಲಕ್ಕೆ ಟೈಲ್ಸ್ ಕೂರಿಸುತ್ತಿದ್ದ, ಕೂರಿಸಿದ ಮಾರನೆಯ ದಿನ ಒಂದೊಂದು ಬಿಲ್ಲೆಗೂ ನಾಣ್ಯದಿಂದ ಬಡಿದು ಕೇಳುತ್ತಿದ್ದ, ಠಣ್ ಎಂದರೆ ಕೆಳಗೆ ಸಿಮೆಂಟು ಹಿಡಿದಿದೆ, ದಬ್ ಎಂದರೆ ಕೆಳಗೆ ಪೊಳ್ಳು, ನನಗೆ ಒಂಬತ್ತು ವರ್ಷ, ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ, ಠಣ್, ಠಣ್, ದಬ್. ಆ ದಬ್ಬಿನ ದಿನ ಮನೆಯ ಯಜಮಾನ ತಾನೇ ಬಡಿದು ನೋಡಿದ, ಅವನ ಹೆಂಡತಿ, ಅವಳ ತಮ್ಮ, ಬಣ್ಣದವರು, ಎಲ್ಲರೂ ನಿಂತಿದ್ದಾರೆ, ಮೂಲೆಮೂಲೆಯೂ ದಬ್, ಅಪ್ಪ ಎದ್ದು ಮಂಡಿ ಒರೆಸಿಕೊಂಡು, ಸಿಮೆಂಟು ತೆಳ್ಳಗಾಗಿತ್ತು, ಇವಳು ಕಲಸಿದ್ದು, ಎಂದ. ಇವಳು ಎಂದರೆ ಅಮ್ಮ. ಅಮ್ಮ ಬಾಣಲಿಯ ಪಕ್ಕ ನಿಂತಿದ್ದಳು, ಬೂದಿ ಬಣ್ಣದ ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು. ಹಿಂದಿನ ದಿನ ಅಪ್ಪ ಆತುರದಲ್ಲಿ ನಡುವೆ ಮಾತ್ರ ಮುದ್ದೆ ಇಟ್ಟು ಮೂಲೆಗೆ ಇಡದೆ ಬಿಲ್ಲೆ ಒತ್ತಿದ್ದನ್ನು ನಾನು ನೋಡಿದ್ದೆ, ಅಮ್ಮನೂ ನೋಡಿರಬೇಕು, ಆದರೂ ಅಮ್ಮ ಸುಮ್ಮನಿದ್ದಳು, ನಾನೂ ಸುಮ್ಮನಿದ್ದೆ. ಅದೆಲ್ಲ ಈಗೇಕೆ, ಹತ್ತು ಗಂಟೆಯಾಗುತ್ತಾ ಬಂತು.

ಇನ್ನೊಂದು ವಿಷಯ, ಕೈ ಅದುರುವುದೇ ಕಾರಣವಾದರೆ ಅರವತ್ತು ಸಲವೂ ಒಂದೇ ಥರ ಅದುರುತ್ತದೆಯೇ, ಕೆಂಪು ಗೆರೆ ಅರವತ್ತನ್ನೂ ಒಟ್ಟಿಗೆ ಹಾಕಿ ನೋಡುತ್ತೇನೆ, ಅರವತ್ತೂ ಒಂದೇ ಜಾಗದಲ್ಲಿ ಮುಗ್ಗರಿಸುತ್ತವೆ, ಇದು ಕೈಯ ಕೆಲಸವಲ್ಲ ಕಣೇ, ಇದು ಯಾರೋ ಹೇಳಿ ಮಾಡಿಸಿದ್ದು. ಒಡೆದ ಪ್ರೋಬಿನ ಬಿಲ್ಲೆಯೊಂದು ಮೇಜಿನ ಮೇಲಿದೆ, ಎತ್ತಿಕೊಳ್ಳುತ್ತೇನೆ, ಹಗುರ, ತಣ್ಣಗಿದೆ, ಬೆರಳುಗಳ ನಡುವೆ ತಿರುಗಿಸುತ್ತಾ ಯೋಚಿಸುವುದು ನನ್ನ ಚಾಳಿ, ತಿರುಗಿಸಿದಾಗೆಲ್ಲ ಉಗುರಿಗೆ ಏನೋ ತಡೆಯುತ್ತದೆ, ಒಂದು ಸುತ್ತಿಗೆ ಒಂದು ಸಲ, ಟಿಕ್, ಟಿಕ್ — ಅಂಚಿನಲ್ಲಿ ಒಂದು ತವರದ ಹನಿ. ಸಾಸಿವೆಗಿಂತ ತುಸು ದೊಡ್ಡದು. ನನ್ನ ಮಾದರಿಯಲ್ಲಿ ಈ ಹನಿ ಎಲ್ಲಿದೆ. ಇಲ್ಲ. ಏಕಿಲ್ಲ ಎಂದರೆ ನಾನು ಇಡೀ ಬಿಲ್ಲೆಯನ್ನು ಲೆಕ್ಕ ಹಾಕುವುದಿಲ್ಲ, ಯಾರೂ ಹಾಕುವುದಿಲ್ಲ, ನಡುವಿನಿಂದ ಅಂಚಿಗೆ ಒಂದು ಹೋಳು ಕತ್ತರಿಸಿ ಉಳಿದದ್ದೆಲ್ಲ ಹೀಗೇ ಸುತ್ತ ಇದೆ ಎಂದುಕೋ ಎಂದು ಕಂಪ್ಯೂಟರಿಗೆ ಹೇಳುತ್ತೇವೆ, ಕಲ್ಲಂಗಡಿಯ ಒಂದು ಚೂರು ತಿಂದು ಇಡೀ ಹಣ್ಣು ಕೊಂಡಂತೆ, ಐದು ಗಂಟೆಯ ಲೆಕ್ಕ ಐದು ನಿಮಿಷಕ್ಕೆ ಮುಗಿಯುತ್ತದೆ. ಹೋಳಿನ ಅಂಚಿಗೆ ಹನಿ ಇಟ್ಟರೆ ಅದು ಸುತ್ತ ತಿರುಗಿ ಬಳೆಯಾಗಿಬಿಡುತ್ತದೆ, ಈಗಷ್ಟೇ ನಾನಿಟ್ಟ ಗಾಳಿಗುಳ್ಳೆಯೂ ಹಾಗೇ ಬಳೆಯಾಗಿ ಕೂತಿರಬೇಕು, ನೋಡು, ಆಗಲೂ ಹೊಳೆಯಲಿಲ್ಲ. ಅದಕ್ಕೇ ಹನಿಯನ್ನು ಅಳಿಸಿದ್ದೆ, ಇಷ್ಟು ಚಿಕ್ಕದು ಏನು ಮಾಡೀತು ಎಂದು. ಮೊದಲು ಹನಿ ನಡುವೆ ಇತ್ತು, ನಡುವೆ ಇದ್ದಾಗ ಹೋಳಿಗೂ ಬಿಲ್ಲೆಗೂ ತಕರಾರಿರಲಿಲ್ಲ, ಎಂಟು ತಿಂಗಳ ಹಿಂದೆ ಪ್ರೋಬಿಗೆ ಹೊಸ ಕವಚ ಬಂತು, ತಂತಿಯ ತೂತು ಪಕ್ಕಕ್ಕೆ ಹೋಯಿತು, ಹನಿಯನ್ನು ಅಂಚಿಗೆ ಸರಿಸಿದ ನಕ್ಷೆ ನನ್ನದು, ಕೆಳಗಿನ ಸಹಿ ನನ್ನದು. ಅಂಟಕ್ಕ ಆ ನಕ್ಷೆ ಹಿಡಿದುಕೊಂಡು ಬಂದಿದ್ದರು, ಇದೇ ಬಾಗಿಲಿಗೆ, ಅಂಚಿಗೆ ಹಾಕಿದ್ರೆ ಕುಂಟುತ್ತೆ ಮೇಡಂ, ನಡೂನೇ ಇರ್ಲಿ, ತಂತಿ ನಾನು ಹೇಗೋ ಬಗ್ಗಿಸಿ ತರ್ತೀನಿ ಎಂದರು, ನಾನು ನಕ್ಕೆ, ಕುಂಟೋಕೆ ಇದೇನು ಮೇಜಾ ಅಕ್ಕ. ಅವರೂ ನಕ್ಕು ಹೋದರು, ಬರೆದಂತೆ ಮಾಡಿದರು, ಅರವತ್ತು ಸಲ. ಅಯ್ಯೋ ನನ್ನ ಬುದ್ಧಿಯೇ. ಆದರೆ ಇರಲಿ, ಹೌದೆಂದು ಯಾರು ಹೇಳಿದರು, ಹನಿಯೇ ಕಾರಣವೆಂದು ಇನ್ನೂ ಗೊತ್ತಿಲ್ಲ, ಇಡೀ ಬಿಲ್ಲೆ, ಅಂಚಿನಲ್ಲಿ ಹನಿ, ಹನಿಗೆ ತಂತಿ, ಎಲ್ಲ ಸೇರಿಸಿ ಓಡಿಸಬೇಕು, ಹನಿಯ ಮೇಲೆ ಕನ್ನಡಿ ನಿಲ್ಲಿಸಿ ಉಳಿದರ್ಧ ಇದರ ಪ್ರತಿಬಿಂಬ ಎಂದುಬಿಟ್ಟರೆ ಅರ್ಧ ಬಿಲ್ಲೆ ಸಾಕು, ಅರ್ಧ ಹೊತ್ತು ಉಳಿಯುತ್ತದೆ — ಬೇಡ, ಇವತ್ತು ನನಗೆ ಹೋಳು, ಅರ್ಧ, ಪಾಲು ಯಾವುದರ ಮೇಲೂ ನಂಬಿಕೆಯಿಲ್ಲ. ಹತ್ತು ಗಂಟೆ ಐದು ನಿಮಿಷಕ್ಕೆ ಓಡಿಸಿದೆ, ಮುಗಿಯಲು ನಾಲ್ಕು ಗಂಟೆ ಐವತ್ತು ನಿಮಿಷ ಎಂದು ತೋರಿಸಿತು.

ಏಳು ಪರ್ಸೆಂಟ್, ಆಗಿನಿಂದಲೂ ಏಳು, ಹಸಿರು ಪಟ್ಟಿ ಇರುವೆಯ ನಡಿಗೆಯಲ್ಲಿದೆ, ಕಂಪ್ಯೂಟರಿನ ಫ್ಯಾನು ಬುಸುಗುಡುತ್ತಿದೆ, ನಾನು ಎದ್ದು ನಡೆದೆ, ಕೂತೆ, ಪೆನ್ಸಿಲ್ಲು ಚೂಪು ಮಾಡಿದೆ, ಬರೆಯುವುದು ಏನೂ ಇಲ್ಲ, ಒಳಗೆ ಏನಾಗುತ್ತಿದೆ ಎಂದು ಊಹಿಸುವುದೇ ಒಂದು ಸುಖ, ಒಂದು ವೋಲ್ಟಿನ ಪೆಟ್ಟು ಬಿದ್ದಿದೆ, ಬಿಲ್ಲೆ ದಪ್ಪಗಾಗುತ್ತದೆ, ತೆಳ್ಳಗಾಗುತ್ತದೆ, ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲನ್ನು ನೂರು ಪಾಲು ಮಾಡಿ ಒಂದೊಂದು ಪಾಲಿಗೂ ಲಕ್ಷ ಲಕ್ಷ ಚೌಕಗಳು ಪಕ್ಕದ ಮನೆಯವರನ್ನು ಕೇಳುತ್ತಿವೆ, ನೀನೆಷ್ಟು ಸರಿದೆ, ನೀನೆಷ್ಟು ಸರಿದೆ, ಅಷ್ಟು ದೊಡ್ಡ ವಠಾರದಲ್ಲಿ ಒಬ್ಬರೂ ಸುಳ್ಳು ಹೇಳುವುದಿಲ್ಲ, ಸುಳ್ಳು ಹೇಳಿದ್ದರೆ ವಠಾರ ಕಟ್ಟಿದವಳು ಹೇಳಿರಬೇಕು. ಇಪ್ಪತ್ತು. ಮೂವತ್ತೊಂದು. ಅಂಟಿನ ಕೋಣೆಗೆ ಹೋಗಿ ಬರಲೇ, ಹೋಗಿ ಏನು ಹೇಳಲಿ, ನಿಮ್ಮದಲ್ಲವೇನೋ ಅಕ್ಕ, ನನ್ನದೇ ಏನೋ, ಮಧ್ಯಾಹ್ನ ಹೇಳ್ತೀನಿ ಎಂದೇ, ಅರೆಬೆಂದ ಮಾತು ಯಾರಿಗೆ ಬೇಕು, ನಿಜ ಹೇಳಬೇಕೆಂದರೆ ನಾಚಿಕೆ, ಬೆಳಿಗ್ಗೆಯ ದೊಡ್ಡಸ್ತಿಕೆ ಇನ್ನೂ ಬಾಯಲ್ಲೇ ಇದೆ, ಕೈಯಲ್ಲಿ ಗಟ್ಟಿ ಗೆರೆ ಇಲ್ಲದೆ ಆ ಮುಖ ನೋಡಲಾರೆ. ಹನ್ನೆರಡೂ ನಲವತ್ತು, ಐವತ್ಮೂರು ಪರ್ಸೆಂಟ್, ಅಮ್ಮನ ಫೋನು, ನಮ್ಮ ಜೊತೆಗೇ ಇದ್ದಾಳೆ, ಬೆಳಿಗ್ಗೆ ತಾನೇ ಡಬ್ಬಿ ಕಟ್ಟಿ ಕಳಿಸಿ ಮಧ್ಯಾಹ್ನ ತಾನೇ ವಿಚಾರಣೆ ಮಾಡುತ್ತಾಳೆ, ಉಂಡ್ಯಾ. ಉಣ್ಣುತ್ತೇನೆ ಅಮ್ಮ, ಒಂದು ಮಾತು ಕೇಳಲಾ, ಆ ಮೂಲೆ ಮನೆಯಲ್ಲಿ ಟೈಲ್ಸ್ ಎಲ್ಲ ಪೊಳ್ಳಾಗಿತ್ತಲ್ಲ, ಆವತ್ತು ಸಿಮೆಂಟು ನಿಜವಾಗಲೂ ತೆಳ್ಳಗಿತ್ತಾ. ಫೋನಿನಲ್ಲಿ ಕುಕ್ಕರು ಕೂಗಿ ಸುಮ್ಮನಾಯಿತು. ಅದಿನ್ನೂ ನೆನಪಿದೆಯಾ ನಿನಗೆ, ಸರಿಯಾಗೇ ಇತ್ತು ಕಣೇ, ಕಲಸಿದವಳಿಗೆ ಗೊತ್ತಾಗಲ್ವಾ. ಮತ್ತೆ ಯಾಕೆ ಸುಮ್ಮನಿದ್ದೆ. ಆಗ ಬಾಗಿಲಲ್ಲಿ ಅಂಟಕ್ಕ, ಏಪ್ರನ್ ತೆಗೆದಿಲ್ಲ, ಬಲಗೈ ಮುಷ್ಟಿ ಬಿಗಿದಿದೆ, ಎಡಗೈಯಿಂದ ಬಾಗಿಲ ಚೌಕಟ್ಟು ಹಿಡಿದಿದ್ದಾರೆ, ಮೇಡಂ ಒಂದು ನಿಮಿಷ — ನಾನು ಫೋನಿನ ಮೇಲೆ ಕೈಯಿಟ್ಟು, ಮೂರು ಗಂಟೆಗೆ ಅಕ್ಕ, ಮೂರಕ್ಕೆ ನಾನೇ ಬರ್ತೀನಿ, ಎಂದೆ, ಕಣ್ಣು ಹಸಿರು ಪಟ್ಟಿಯಿಂದ ಕೀಳದೆ, ಇನ್ನೊಂದು ಕೈಯಿಂದ ಹೋಗಿ ಬನ್ನಿ ಎಂಬಂತೆ ಬೀಸಿದೆ. ಅಮ್ಮ ಹೇಳುತ್ತಿದ್ದಳು, ಅಷ್ಟು ಜನರ ಮುಂದೆ ನಿಮ್ಮಪ್ಪ ಅಷ್ಟು ಗಟ್ಟಿಯಾಗಿ ಹೇಳಿದ್ಮೇಲೆ ನನಗೂ ಒಂದು ಗಳಿಗೆ ಹೌದೇನೋ ಅನ್ನಿಸಿಬಿಡ್ತು ಕಣೇ, ನನ್ನ ಕೈಯೇ ನನಗೆ ಸುಳ್ಳು ಅನ್ನಿಸ್ತು. ಮತ್ತೆ ಬಾಗಿಲ ಕಡೆ ನೋಡಿದಾಗ ಅಲ್ಲಿ ಯಾರೂ ಇರಲಿಲ್ಲ.

ಎರಡು ಗಂಟೆ ಹತ್ತು, ಎಂಬತ್ತಮೂರು, ಡಬ್ಬಿ ತೆರೆದೇ ಇಲ್ಲ, ಗಡುವಪ್ಪನ ಫೋನು ಎರಡು ಸಲ ಬಂತು, ಏನ್ಮೇಡಂ ಒಂದು ಪದ ಬರೆಯೋಕೆ ಇಷ್ಟೊತ್ತಾ. ಈಗ ನಿಲ್ಲಿಸಿ ಇರುವಷ್ಟರಲ್ಲೇ ಗೆರೆ ಎಳೆದು ನೋಡಿಬಿಡಲೇ, ಗುಂಡಿ ಒತ್ತಿದರೆ ಸಾಕು, ಕೈ ಗುಂಡಿಯ ಮೇಲೇ ಇದೆ — ಬೇಡ ಬೇಡ, ಸುಟ್ಟ ಬೆರಳು ಇದು, ಸೇರಿದ ಹೊಸದರಲ್ಲಿ ಹೀಗೇ ಆತುರಕ್ಕೆ ಬಿದ್ದು ಬಿಲ್ಲೆ ಇನ್ನೂ ನಡುಗುತ್ತಿರುವಾಗಲೇ ಕಿವಿ ಮುಚ್ಚಿಕೊಂಡಿದ್ದೆ, ಗೆರೆಯ ತುಂಬ ಸಣ್ಣ ಸಣ್ಣ ಅಲೆ ಎದ್ದು ಎರಡು ವಾರ ಅವುಗಳ ಹಿಂದೆ ಅಲೆದೆ, ಕೊನೆಗೆ ನೋಡಿದರೆ ಅವು ಬಿಲ್ಲೆಯ ಅಲೆಗಳೇ ಅಲ್ಲ, ನನ್ನ ಆತುರದ ಅಲೆಗಳು, ಪೂರ್ತಿ ಕೇಳದೆ ಲೆಕ್ಕ ಮುಗಿಸಿದರೆ ಕಂಪ್ಯೂಟರು ಇಲ್ಲದ ಉಬ್ಬುಗಳನ್ನೆಲ್ಲ ಎಬ್ಬಿಸಿ ತೋರಿಸುತ್ತದೆ. ಇವತ್ತು ಉಬ್ಬು ಬಂದರೆ ಅದು ನಿಜವಾದ ಉಬ್ಬೇ ಆಗಿರಬೇಕು, ಅದರ ಮೇಲೆ ಒಬ್ಬರ ಕುರ್ಚಿ ನಿಂತಿದೆ, ಹೂವಿನ ದಿಂಬಿನ ಸಮೇತ. ಕೈ ಹಿಂದಕ್ಕೆ ತೆಗೆದುಕೊಂಡು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ. ಉಬ್ಬು ಬಂದರೆ ನನ್ನ ನಕ್ಷೆ ತಪ್ಪು, ಅರವತ್ತು ಪ್ರೋಬೂ ನನ್ನ ತಲೆಗೆ, ಬರದಿದ್ದರೆ ಅಂಟಕ್ಕ ಹೋಗುತ್ತಾರೆ, ಮತ್ತು ಒಂದು ಗಳಿಗೆ, ಒಂದೇ ಒಂದು ಗಳಿಗೆ, ಬರದಿರಲಿ ಎಂದು ನನ್ನೊಳಗೆ ಯಾರೋ ಅಂದದ್ದು ನನಗೆ ಕೇಳಿಸಿತು, ಅದನ್ನು ಯಾರಿಗೂ ಹೇಳುವುದಿಲ್ಲ, ಇಲ್ಲಿ ಮಾತ್ರ. ಆಮೇಲೆ ಕುತೂಹಲ ಅದರ ಬಾಯಿ ಮುಚ್ಚಿಸಿತು, ನನ್ನ ಒಳ್ಳೆಯತನವಲ್ಲ, ಕುತೂಹಲ, ಏನಿದೆ ಅಲ್ಲಿ, ಏನಿದೆ. ತೊಂಬತ್ತಾರು.

ಎರಡು ಐವತ್ತೆರಡಕ್ಕೆ ಮುಗಿಯಿತು, ಗೆರೆ ಎಳೆದೆ, ಗುಂಡಿಗೆ ಇಳಿಯಿತು, ಗುಡ್ಡ ಹತ್ತತೊಡಗಿತು, ಹತ್ತುವ ದಾರಿಯಲ್ಲಿ, ಅದೇ ಜಾಗದಲ್ಲಿ, ಮುಗ್ಗರಿಸಿತು. ಬಂತು, ಬಂದೇ ಬಂತು, ನೀಲಿಗೂ ಮೊಡವೆ, ಕೆಂಪಿನ ಮೇಲೆ ಕೂತಿದೆ, ನಾನು ಒಬ್ಬಳೇ ಜೋರಾಗಿ ನಕ್ಕೆ, ಆ ಒಂದೇ ಕಂಪನದಲ್ಲಿ ಬಿಲ್ಲೆ ಹೇಗೆ ಆಡುತ್ತದೆ ನೋಡೋಣ ಎಂದು ಚಲಿಸುವ ಚಿತ್ರ ತೆರೆದೆ, ಎಲ್ಲ ಕಡೆ ಸಮನಾಗಿ ಏಳಬೇಕಾದದ್ದು ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಬೀಳುತ್ತದೆ, ಮತ್ತೆ ಈ ಕಡೆ, ಆ ಕಡೆ, ಅಂಚಿನಲ್ಲಿ ಒಂದು ತವರದ ಹನಿ, ಅದನ್ನು ಹೊತ್ತುಕೊಂಡು ಬಿಲ್ಲೆ ಕುಂಟುತ್ತಿದೆ. ಕುಂಟುತ್ತೆ ಮೇಡಂ. ಬರಿಗಣ್ಣಿಗೆ, ಕಿವಿಗೆ, ಯಾವುದಕ್ಕೂ ಸಿಗದ ಈ ಕುಂಟನ್ನು ಎಂಟು ತಿಂಗಳ ಹಿಂದೆ ಆ ಹೆಬ್ಬೆರಳು ಹೇಗೆ ಕಂಡಿತೋ, ಕೇಳಬೇಕು, ಈಗಲೇ ಕೇಳಬೇಕು. ಹಾಳೆ ತೆಗೆದೆ, ದೋಷ ಎಲ್ಲಿದೆ ಎಂಬ ಸಾಲಿನ ಎದುರು ನಕ್ಷೆಯಲ್ಲಿ ಎಂದು ಬರೆದೆ, ಕೆಳಗೆ, ನಕ್ಷೆ ನನ್ನದು, ಅಂಟು ಸರಿಯಾಗಿದೆ, ಸಹಿ. ಮೂರಕ್ಕೆ ಒಂದು ನಿಮಿಷವಿರುವಾಗ ಗಡುವಪ್ಪನ ಮೇಜಿನ ಮೇಲಿಟ್ಟೆ, ಓದಿ ಕನ್ನಡಕ ತೆಗೆದ, ನನ್ನನ್ನು ನೋಡಿದ, ಡ್ರಾಯರಿನಿಂದ ಇನ್ನೊಂದು ಹಾಳೆ ತೆಗೆದ, ಅಂಟಕ್ಕನ ಗುಂಡುಗುಂಡಾದ ಅಕ್ಷರ, ಒಂದಕ್ಷರವೂ ಅದುರಿಲ್ಲ, ನನ್ನ ಕೈ ಈಗ ಮೊದಲಿನಂತಿಲ್ಲ, ಅರವತ್ತೂ ನನ್ನಿಂದ ಆದ ತಪ್ಪು, ನನ್ನನ್ನು ಕೆಲಸದಿಂದ ಬಿಡಿಸಿ. ಊಟದ ಹೊತ್ತಲ್ಲಿ ಬಂದು ಕೊಟ್ಟು ಹೋದ್ರು ಮೇಡಂ, ಅವರೇ ಒಪ್ಕೊಂಡ್ಮೇಲೆ ನೀವ್ಯಾಕೆ ಸುಮ್ನೆ ತಲೆ ಮೇಲೆ ಚಪ್ಪಡಿ ಎಳ್ಕೊಳ್ತೀರಿ. ಅವನ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ಕಷ್ಟ, ಸ್ನೇಹದಿಂದಲೇ ಹೇಳಿದ, ಬೇಕಿದ್ದರೆ ಹಾಳೆ ವಾಪಸ್ಸು ತೆಗೆದುಕೊಳ್ಳಬಹುದು ಎಂಬಂತೆ ಎರಡು ಬೆರಳಿನಿಂದ ನನ್ನ ಕಡೆಗೆ ಸರಿಸಿದ. ಅವರು ಒಪ್ಪಿಕೊಂಡದ್ದು ನಾನು ಹೇಳಿದ್ದಕ್ಕೆ ಸಾರ್, ಬೆಳಿಗ್ಗೆ ನಿಮ್ಮೆಲ್ಲರ ಮುಂದೆ ನಾನು ಹೇಳಿದ್ದು ತಪ್ಪು, ನನ್ನ ಹಾಳೆನ ಅವರ ಹಾಳೆ ಮೇಲಿಡಿ, ಅವರನ್ನ ಬಿಡಿಸೋ ಹಾಗಿಲ್ಲ. ಅವನು ಬಹಳ ಹೊತ್ತು ಗಡಿಯಾರ ನೋಡದೆ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು, ಆಮೇಲೆ ಅವರ ಹಾಳೆಯನ್ನು ಮಡಚಿ ಕೈಯಲ್ಲೇ ಇಟ್ಟುಕೊಂಡು, ಹೋಗಿ ಕರ್ಕೊಂಡು ಬನ್ನಿ ಮೊದ್ಲು ಎಂದ.

ಅಂಟಿನ ಕೋಣೆ, ಮೇಜು ಒರೆಸಿದೆ, ಕುರ್ಚಿ ಒಳಕ್ಕೆ ತಳ್ಳಿದೆ, ದಿಂಬು ಇಲ್ಲ, ದೀಪ ಮಾತ್ರ ಉರಿಯುತ್ತಿದೆ — ಉರಿಯುತ್ತಿದೆ, ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಮರೆಯದವರು ಮರೆತರೇ, ಮರೆತಿಲ್ಲ, ಭೂತಗನ್ನಡಿಯ ಕೆಳಗೆ ಬಿಳಿ ಬಟ್ಟೆಯ ಮೇಲೆ ಒಂದು ಬಿಲ್ಲೆ, ಹೊಸದು, ಹೊದಿಕೆ ಕೂರಿಸಿದೆ, ಬೆನ್ನು ಮೇಲಾಗಿದೆ, ಚೀಟಿಯಿಲ್ಲ, ಏನೂ ಇಲ್ಲ, ಬಗ್ಗಿ ನೋಡಿದೆ, ಹನಿ ಅಂಚಿನಲ್ಲಿಲ್ಲ. ಎತ್ತಿಕೊಂಡು ಓಡಿದೆ, ಅಳತೆಯ ಯಂತ್ರಕ್ಕೆ ಸಿಕ್ಕಿಸಿದೆ, ಕೆಂಪು ಗೆರೆ ಗುಂಡಿಗೆ ಇಳಿಯಿತು, ನುಣ್ಣಗೆ ಗುಡ್ಡ ಹತ್ತಿತು, ಎಲ್ಲೂ ಮುಗ್ಗರಿಸಲಿಲ್ಲ. ಅರ್ಧ ನಿಮಿಷ ಹಿಡಿಯಿತು. ನಾಲ್ಕು ಗಂಟೆ ನಲವತ್ತೇಳು ನಿಮಿಷ ನಾನು ಕಂಪ್ಯೂಟರನ್ನು ಕೇಳುತ್ತಾ ಕೂತ ಪ್ರಶ್ನೆಗೆ ಅವರು ಊಟ ಬಿಟ್ಟು ಉತ್ತರ ಬೆಸೆದು, ಅಳೆಯಲು ಅವರಿಗೆ ಯಂತ್ರವಿಲ್ಲ, ಯಂತ್ರ ನನ್ನ ಕೋಣೆಯಲ್ಲಿ, ಮುಷ್ಟಿಯಲ್ಲಿ ಹಿಡಿದುಕೊಂಡು ನನ್ನ ಬಾಗಿಲಿಗೆ ತಂದಿದ್ದರು, ಇದೇ ಬಿಲ್ಲೆ, ಆ ಮುಷ್ಟಿಯಲ್ಲಿದ್ದದ್ದು ಇದೇ, ಮತ್ತು ನಾನು ಕೈ ಬೀಸಿದೆ, ಬೀಸಿದ ಕೈ ನೋಡಿ ಅವರು ನೇರವಾಗಿ ಹೋಗಿ ಆ ಹಾಳೆ ಬರೆದುಕೊಟ್ಟರು, ಆದರೂ ಕೊನೆಗೆ ದೀಪ ಆರಿಸದೆ ಹೋದರು, ಯಾರಾದರೂ ನೋಡಲಿ ಎಂದು. ಕಿಟಕಿ — ರಸ್ತೆಯಾಚೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಅವರೇ, ಚೀಲ ತೊಡೆಯ ಮೇಲೆ, ಚೀಲದ ಮೇಲೆ ಹೂವಿನ ದಿಂಬು, ಮಧ್ಯಾಹ್ನದ ಒಂದೇ ಬಸ್ಸು, ಮೂರೂಕಾಲಿನದು, ತಿರುವಿನಲ್ಲಿದೆ, ಬಿಲ್ಲೆ ಕಿತ್ತುಕೊಂಡು ಮೆಟ್ಟಿಲು ಇಳಿಯುತ್ತಿದ್ದೇನೆ, ಎರಡೆರಡು, ಮೊದಲು ಏನು ಹೇಳಲಿ, ತಪ್ಪು ನನ್ನದು ಅಕ್ಕ ಎಂದೇ, ಇಲ್ಲ, ಕುಂಟುತ್ತೆ ಅಂತ ಹೇಗೆ ಗೊತ್ತಾಯ್ತು ಎಂದು ಕೇಳಲೇ, ಇಲ್ಲ, ಮೊದಲು ತಪ್ಪು, ಆಮೇಲೆ ಕುಂಟು, ಅವರು ಎದ್ದು ನಿಂತರೇ, ಬಸ್ಸಿನ ಬಾಗಿಲು ತೆರೆದರೆ ಕೂಗುತ್ತೇನೆ, ಏನೆಂದು ಕೂಗಲಿ, ಅಂಟಕ್ಕ ಎಂದರೆ ತಿರುಗುತ್ತಾರೆ, ಇನ್ನೊಂದು ಹೆಸರಿಗೆ ತಿರುಗುವುದಿಲ್ಲ, ಅಂಟಕ್ಕ, ಅಂಟಕ್ಕ, ಕೂಗಿದೆನೋ ಇಲ್ಲವೋ, ತಲೆ ಈ ಕಡೆ ತಿರುಗಿತು, ಬಸ್ಸು ನಡುವೆ ಬಂತು, ನಾನು ಇನ್ನೂ ಈಚೆಯಲ್ಲೇ, ಗೇಟಿನ ಕಂಬ ಹಿಡಿದು, ಮುಷ್ಟಿ ಬಿಗಿದಿದ್ದೇನೆ, ಎಷ್ಟು ಬಿಗಿಯಾಗಿ ಎಂದರೆ ಅಂಗೈ ನೋಯುತ್ತಿದೆ, ಮುರಿಯಿತೇ, ಬೆರಳು ಬಿಡಿಸಿದೆ, ಮುರಿದಿಲ್ಲ, ಅಂಗೈಯಲ್ಲಿ ಕೆಂಪು ವೃತ್ತ, ವೃತ್ತದೊಳಗೆ ಬಿಲ್ಲೆ, ಒಂದು ಚೂರೂ ಆಚೀಚೆ ಇಲ್ಲ, ಅದುರಿದ ಕೈ ಇಟ್ಟದ್ದಲ್ಲ, ಬಿಸಿಲಿಗೆ ಹೊಳೆಯುತ್ತಿದೆ, ನಟ್ಟ ನಡುವೆ ಒಂದು ತವರದ ಹನಿ, ನಟ್ಟ ನಡುವೆ, ಒಂದು ಹನಿ